ಪುಸ್ತಕದಲ್ಲಿ ಇಲ್ಲದ ದ್ವೀಪ

ಅಕ್ಕನಿಗೆ ನಾನು ಎರಡು ಸಲ ಸುಳ್ಳು ಹೇಳಿದ್ದೇನೆ. ಮೊದಲನೆಯದು ಫೋನಿನಲ್ಲಿ, ಒಂದೇ ವಾಕ್ಯ. ಎರಡನೆಯದು ಒಂದು ಕಾದಂಬರಿಯ ಕಥೆಯಾಗಿ ಎರಡು ವರ್ಷ ನಡೆಯಿತು. ಅದು ಹೊರಬಿದ್ದದ್ದು ಆ ಕಾದಂಬರಿಯನ್ನು ಟಿವಿ ಸರಣಿ ಮಾಡಿದ್ದರಿಂದ.

ರಾಯಚೂರಿನಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಐದು ಸಂಪುಟಗಳ ಒಂದು ಇಂಗ್ಲಿಷ್ ಕಾದಂಬರಿ ಓದಿದ್ದೆ. ಕಲ್ಪಿತ ಲೋಕದ ಕಥೆ. ನೀರಿನ ಬದಲು ಮಂಜು ಹರಿಯುವ ನದಿ, ಎರಡು ದಂಡೆಗೆ ಎರಡು ರಾಜ್ಯ, ನಡುವೆ ದೋಣಿ ನಡೆಸುವ ಒಬ್ಬ ಹೆಂಗಸು. ಅವಳಿಗೆ ಆರು ವರ್ಷದ ಮಗಳು. ಹಕ್ಕಿಗಳ ಮಾತು ಆ ಮಗುವಿಗೆ ತಿಳಿಯುತ್ತದೆ. ರಾಣಿ, ಯುದ್ಧ, ಶಾಪ ಎಲ್ಲವೂ ಇವೆ. ಆದರೆ ಇಡೀ ಕಾದಂಬರಿ ನಿಂತಿರುವುದು ಈ ತಾಯಿ ಮಗಳ ಮೇಲೆ. ಎರಡನೆಯ ಸಂಪುಟದ ಕೊನೆಯಲ್ಲಿ ಮಗು ಜ್ವರದಿಂದ ಸಾಯುತ್ತದೆ. ಲೇಖಕಿ ಅದನ್ನು ಒಂದೂವರೆ ಪುಟದಲ್ಲಿ ಮುಗಿಸುತ್ತಾಳೆ. ಆ ಪುಟ ಓದಿದ ದಿನ ನಾನು ಮೆಸ್ಸಿಗೆ ಊಟಕ್ಕೆ ಹೋಗಲಿಲ್ಲ. ಆಗ ಅದು ಬರೀ ಕಥೆಯಾಗಿತ್ತು.

ಮರುವರ್ಷ ಅಕ್ಕನ ಮಗಳು ತೀರಿಕೊಂಡಳು. ಅಕ್ಕನನ್ನು ಕೊಟ್ಟಿರುವುದು ದೇವದುರ್ಗಕ್ಕೆ. ಮಗುವಿಗೆ ಐದು ತುಂಬಿರಲಿಲ್ಲ. ಜ್ವರ ಇಳಿಯದೆ ರಾಯಚೂರಿಗೆ ತಂದಿದ್ದರು, ನಾಲ್ಕನೆಯ ದಿನ ಹೋಯಿತು. ಅದಾದ ಮೇಲೆ ಅಕ್ಕ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವಳಾದಳು. ಹಳೆಯ ಸೀರೆಗಳನ್ನು ಪದರ ಪದರ ಹಾಸಿ ಕೌದಿ ಹೊಲಿಯುವುದು ಅವಳಿಗೆ ಮೊದಲಿನಿಂದ ಗೊತ್ತಿತ್ತು. ಈಗ ಓಣಿಯವರೆಲ್ಲರ ಕೌದಿಯನ್ನೂ ತಂದು ಹರವಿಕೊಂಡು ಕೂಡುತ್ತಿದ್ದಳು. ಶನಿವಾರ ಗಬ್ಬೂರಿನ ಮೇಲೆ ಹೋಗುವ ಬಸ್ಸು ಹಿಡಿದು ನಾನು ಹೋಗುತ್ತಿದ್ದೆ. ಅವಳು ಒಂದು ಅಂಚಿನಿಂದ, ನಾನು ಎದುರಿನ ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುವುದು. ನನ್ನ ಹೊಲಿಗೆ ಉದ್ದುದ್ದ ಬೀಳುತ್ತಿತ್ತು. ಅವಳು ಏನೂ ಅನ್ನದೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು.

ಒಂದು ಶನಿವಾರ ಆ ಮೌನ ತಡೆಯಲಾರದೆ ಕಾದಂಬರಿಯ ಕಥೆ ತೆಗೆದೆ. ಬೇರೆ ಯಾವುದಾದರೂ ಹೇಳಬಹುದಿತ್ತು. ನನ್ನ ತಲೆಯಲ್ಲಿ ಪೂರ್ತಿಯಾಗಿ ಇದ್ದದ್ದು ಅದೊಂದೇ. ರಾಣಿಯ ಜಗಳಗಳನ್ನಷ್ಟೇ ಹೇಳಿ ತಾಯಿ ಮಗಳನ್ನು ಬಿಟ್ಟುಬಿಡಬೇಕು ಅಂದುಕೊಂಡಿದ್ದೆ. ದೋಣಿಯವಳ ಪ್ರಸ್ತಾಪ ಬಂತು. ಅಕ್ಕ ಸೂಜಿ ನಿಲ್ಲಿಸಿದಳು.

“ಆಕಿಗೆ ಮಕ್ಕಳದಾವೇನು?”

ಎಷ್ಟೋ ತಿಂಗಳ ಮೇಲೆ ಅವಳಾಗಿ ಕೇಳಿದ ಮೊದಲ ಪ್ರಶ್ನೆ. ಇಲ್ಲ ಅನ್ನಲು ನನ್ನಿಂದ ಆಗಲಿಲ್ಲ.

ಎರಡನೆಯ ಸಂಪುಟದ ಕೊನೆಗೆ ಬರುವ ದಿನ ಬಸ್ಸಿನಲ್ಲೇ ತೀರ್ಮಾನಿಸಿದೆ. ನನ್ನ ಕಥೆಯಲ್ಲಿ ಮಗುವಿಗೆ ಜ್ವರ ಬರಲಿಲ್ಲ. ದೊಡ್ಡ ಹಕ್ಕಿಯೊಂದು ಬಂದು ಅವಳನ್ನು ನದಿಯ ನಡುವಿನ ದ್ವೀಪಕ್ಕೆ ಹೊತ್ತೊಯ್ದಿತು. ಅಲ್ಲಿ ಒಬ್ಬ ಮುದುಕಿ ಸಾಕುತ್ತಾಳೆ. ಯುದ್ಧ ಮುಗಿದ ಮೇಲೆ ತಾಯಿ ಹೋಗಿ ಕರೆತರುತ್ತಾಳೆ.

“ಮುದುಕಿ ಊಟಕ್ಕ ಏನ್ ಮಾಡಿ ಹಾಕತಾಳ?” ಅಕ್ಕ ಕೇಳಿದಳು.

“ಮೀನ.”

“ದಿನಾ ಮೀನ ಅಂದ್ರ ಹುಡುಗಿ ತಿಂತದೇನು? ಬ್ಯಾರೆ ಏನರ ಹೇಳು.”

ಗೆಣಸು ಸೇರಿಸಿದೆ. ಮುಂದಿನ ವಾರ ಹಾಲಿಗೆ ಒಂದು ಆಡನ್ನೂ ಸೇರಿಸಿದೆ. ಕಾದಂಬರಿಯ ಮೂರನೆಯ ಸಂಪುಟದಲ್ಲಿ ತಾಯಿ ದುಃಖದಿಂದ ಎರಡೂ ದಂಡೆಯ ದೋಣಿಗಳನ್ನು ಸುಟ್ಟುಹಾಕುತ್ತಾಳೆ. ನನ್ನ ಕಥೆಯಲ್ಲಿ ದುಃಖಕ್ಕೆ ಕಾರಣವೇ ಇರಲಿಲ್ಲ. ಸೈನಿಕರು ದ್ವೀಪ ಮುಟ್ಟಬಾರದೆಂದು ಸುಟ್ಟಳು ಎಂದೆ. ಅಕ್ಕನಿಗೆ ಅದು ಸರಿ ಕಂಡಿತು.

ಎಂ.ಎ. ಮುಗಿಯಿತು. ಮಾನ್ವಿಯಲ್ಲಿ ಅವ್ವನ ಜೊತೆ ಇದ್ದು ಒಂದು ಕಾಲೇಜಿನಲ್ಲಿ ಪಾಠ ಮಾಡತೊಡಗಿದೆ. ಸಿರವಾರದಲ್ಲಿ ಬಸ್ಸು ಬದಲಿಸಿ ದೇವದುರ್ಗಕ್ಕೆ ಹೋಗುವುದು ನಿಲ್ಲಲಿಲ್ಲ. ಅಷ್ಟರಲ್ಲಿ ಸರಣಿ ಬಂತು, ಹಿಂದಿಯಲ್ಲಿ ಡಬ್ ಆಗಿ. ಭಾವ ಅದನ್ನು ಟಿವಿಗೆ ಹಾಕಿಕೊಟ್ಟರು. ಪಕ್ಕದ ಮನೆಯಾಕೆ, ನಾವೆಲ್ಲ ಖಾಲಾ ಎಂದು ಕರೆಯುವವರು, ಬಂದು ಕೂಡುತ್ತಿದ್ದರು. ಮನೆಯಲ್ಲಿ ದಖನಿ ಉರ್ದು ಮಾತಾಡುವವರಾದ್ದರಿಂದ ಹಿಂದಿಯ ಕಷ್ಟದ ಮಾತುಗಳನ್ನು ಅಕ್ಕನಿಗೆ ಬಿಡಿಸಿ ಹೇಳುವ ಕೆಲಸ ಅವರದು.

“ಅಷ್ಟು ದೊಡ್ಡ ರಾಣಿ, ಚಳ್ಯಾಗ ಗಡಗಡ ನಡಗಾಕತ್ತಾಳ ನೋಡವಾ,” ಎಂದರು ಒಮ್ಮೆ ಖಾಲಾ. “ಒಂದ್ ಕೌದಿ ಮಾರಿಬಿಡು ಬೇ ಆಕಿಗೆ.”

ಅಕ್ಕ ನಕ್ಕದ್ದನ್ನು ನಾನು ಕಣ್ಣಾರೆ ಕಂಡೆ.

ಕಾದಂಬರಿ ಓದಿದವಳ ಅಹಂಕಾರ ನನಗೂ ಇತ್ತು. ಪುಸ್ತಕದ ರಾಣಿ ಕುಳ್ಳಿ, ಮುಖದ ತುಂಬ ಸಿಡುಬಿನ ಕಲೆ. ಸರಣಿಯವಳು ಎತ್ತರದ ಚೆಲುವೆ. ಪುಸ್ತಕದಲ್ಲಿರುವ ರಾಣಿಯ ಮೂವರು ಅಣ್ಣತಮ್ಮಂದಿರನ್ನು ಇಲ್ಲಿ ಒಬ್ಬನನ್ನಾಗಿ ಮಾಡಿದ್ದರು. ಮಂಜಿನ ನದಿ ಮಾತ್ರ ಪುಸ್ತಕಕ್ಕಿಂತ ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಪುಸ್ತಕ ದೋಣಿಯವಳ ತಲೆಯೊಳಗೆ ಕೂತು ಹೇಳುತ್ತದೆ. ಸರಣಿಗೆ ಸಿಗುವುದು ಅವಳ ಮುಖ. ಆದ್ದರಿಂದ ಪುಸ್ತಕದಲ್ಲಿ ಅವಳು ಎಂದೂ ಬಾಯಿಬಿಡದ ಮಾತುಗಳನ್ನು ಇಲ್ಲಿ ಯಾರಿಗಾದರೂ ಹೇಳುತ್ತಲೇ ಇರುತ್ತಾಳೆ.

ಅಕ್ಕ ನನಗಿಂತ ಕಟ್ಟುನಿಟ್ಟು. “ದೋಣಿಗೆ ಕೆಂಪು ಬಣ್ಣ ಅಂದಿದ್ದಿ, ಇದು ಕರ್ರಗದ,” ಎನ್ನುವಳು. ಅದನ್ನು ನಿಜವಾಗಿಯೂ ಸರಣಿಯವರೇ ಬದಲಿಸಿದ್ದರು. ಆದರೆ ನಾನು ಬದಲಿಸಿದ್ದಕ್ಕೂ ನನ್ನಲ್ಲಿದ್ದ ಉತ್ತರ ಅದೇ: “ಟಿವಿಯವರು ಬದಲಿ ಮಾಡ್ಯಾರಕ್ಕಾ.” ಅವಳು ನಂಬುತ್ತಿದ್ದಳು. “ಇವ್ರಿಗೆ ಬುಕ್ಕು ಓದಾಕ ಬರಂಗಿಲ್ಲೇನು,” ಎಂದು ಟಿವಿಯನ್ನೇ ಬೈಯುತ್ತಿದ್ದಳು.

ಎರಡನೆಯ ಸೀಸನ್ ಮುಗಿಯುತ್ತಾ ಬಂತು. ಪ್ರತಿ ಶುಕ್ರವಾರ ಒಂದು ಕಂತು. ನಾನು ಇಂಟರ್ನೆಟ್ಟಿನಲ್ಲಿ ಜನ ಬರೆದದ್ದನ್ನೆಲ್ಲ ಹುಡುಕಿ ಓದಿದೆ, ಕೊನೆಯ ಕಂತಿನಲ್ಲಿ ಮಗು ಬದುಕುತ್ತದೆಯೇ ಎಂದು. ಪುಸ್ತಕಕ್ಕೆ ಮೋಸವಾಗಬಾರದು ಎಂದು ವಾದಿಸುತ್ತಿದ್ದವಳು ನಾನು. ಈಗ ಸರಣಿಯವರು ಇದೊಂದು ಕಡೆ ಮೋಸ ಮಾಡಲಿ, ಒಂದು ಹಕ್ಕಿ ಕಳಿಸಲಿ ಎಂದು ಬೇಡಿಕೊಳ್ಳುತ್ತಿದ್ದೆ. ಮೊದಲೇ ಹೋಗಿ ಅಕ್ಕನಿಗೆ ಹೇಳಿಬಿಡಬಹುದಿತ್ತು. ಆ ವಾರ ಕಾಲೇಜಿನಲ್ಲಿ ಪರೀಕ್ಷೆ ಇತ್ತು, ನಿಜ. ಆದರೂ ಹೋಗಬಹುದಿತ್ತು. ಹೋಗಲಿಲ್ಲ.

ಶುಕ್ರವಾರ ನನ್ನ ಫೋನಿನಲ್ಲೇ ನೋಡಿದೆ. ಸಾವು ಎಂಟು ನಿಮಿಷ ನಡೆಯಿತು, ಪಿಟೀಲಿನ ಜೊತೆಗೆ. ಒಂದು ಕಡೆ ಅವರು ಬದಲಿಸಿದ್ದರು. ತಾಯಿ ಮಂಜಿನೊಳಗೆ ದೋಣಿ ಹೊಡೆದುಕೊಂಡು ಹೊತ್ತಿಗೆ ಸರಿಯಾಗಿ ಬಂದು ತಲುಪುತ್ತಾಳೆ. ಮಗಳು ಅವಳ ತೊಡೆಯ ಮೇಲೆ ಕಣ್ಣು ಮುಚ್ಚುತ್ತಾಳೆ. ಪುಸ್ತಕದಲ್ಲಿ ಹಾಗಿಲ್ಲ.

ಶನಿವಾರ ಹೋದಾಗ ಅಕ್ಕ ಕೌದಿ ಹರವಿಕೊಂಡೇ ಕೂತಿದ್ದಳು. ನಾನು ಎದುರಿನ ಅಂಚಿಗೆ ಕೂತೆ.

“ನಿನ್ನೆ ಖಾಲಾ ಅತ್ತುಬಿಟ್ರು,” ಎಂದಳು. “ನಾ ಅಳಲಿಲ್ಲ. ದ್ವೀಪ ಯಾವಾಗ ಬರತದ ಅಂತ ನೋಡ್ಕೋತ ಕುಂತಿದ್ದೆ.”

ನಾನು ಸೂಜಿಗೆ ದಾರ ಪೋಣಿಸಿದೆ.

“ದ್ವೀಪ ನೀ ಮಾಡಿದ್ದೇನು?”

“ಹೌದಕ್ಕಾ.”

“ಮುದುಕಿ?”

“ಆಕಿನ್ನೂ ನಾನ.”

“ಗೆಣಸು?”

“ಗೆಣಸೂ.”

ಅವಳು ದಾರ ಎಳೆದು ಹಲ್ಲಿನಿಂದ ಕಡಿದಳು. “ಒಂದ್ ಮಾತು ಕೇಳತೀನಿ, ಖರೇ ಹೇಳು. ತಾಯಿ ಬಂದು ಕೂಸನ್ನ ತೊಡಿ ಮ್ಯಾಲ ಹಾಕ್ಕೊಂಡಳಲ್ಲ, ಅದು ಬುಕ್ಕಿನಾಗ ಅದ ಏನು?”

ಮೊದಲ ಸುಳ್ಳನ್ನು ಇಲ್ಲಿ ಹೇಳಬೇಕು. ಆ ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕನನ್ನು ಆಸ್ಪತ್ರೆಯಿಂದ ಕಳಿಸಿ ಬಸ್ಸು ಹತ್ತಿಸಿದವಳು ನಾನೇ. ಮೂರು ದಿನದಿಂದ ಮೈಗೆ ನೀರು ಹಾಕಿಕೊಂಡಿಲ್ಲ, ಮನೆಗೆ ಹೋಗಿ ಅರಿವೆ ತಗೊಂಡು ಬಾ ಎಂದು. ಮಧ್ಯಾಹ್ನ ಮಗು ಹೋಯಿತು. ನಮ್ಮಲ್ಲಿ ದೂರದಲ್ಲಿರುವವರಿಗೆ ಸಾವನ್ನು ಫೋನಿನಲ್ಲಿ ಹೇಳುವುದಿಲ್ಲ. ಜಾಸ್ತಿ ಆಗಿದೆ, ಬಂದುಬಿಡು ಎನ್ನುತ್ತಾರೆ. ಭಾವ ಫೋನನ್ನು ನನ್ನ ಕೈಗೆ ಕೊಟ್ಟರು. “ಸ್ವಲ್ಪ ಜಾಸ್ತಿ ಆಗ್ಯದಕ್ಕಾ, ಬಂದುಬಿಡು,” ಎಂದೆ. ಅವಳು ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಮಗಳಿಗೆಂದು ದಾಳಿಂಬೆ ಕೊಂಡು, ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರಾಯಚೂರಿನವರೆಗೆ ಬಂದಳು. ವಾರ್ಡಿನ ಬಾಗಿಲಲ್ಲಿ ಅದನ್ನು ಅವಳ ಕೈಯಿಂದ ತೆಗೆದುಕೊಂಡವಳೂ ನಾನೇ.

ಈಗ ಹೌದು ಎಂದುಬಿಡಬಹುದಿತ್ತು. ಸರಣಿ ನನ್ನ ಪರವಾಗಿತ್ತು. ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ, ಪುಸ್ತಕ ತೆರೆದು ನೋಡುವವರು ಆ ಮನೆಯಲ್ಲಿ ಯಾರೂ ಇಲ್ಲ.

“ಇಲ್ಲಕ್ಕಾ. ಬುಕ್ಕಿನಾಗ ತಾಯಿ ಬರೋದ್ರಾಗ ಎಲ್ಲಾ ಮುಗಿದಿರತದ.”

ಅವಳು ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು.

“ಬುಕ್ಕು ಬರದವ್ರು ಹೆಂಗಸರೇನು?”

“ಹೂಂ.”

“ಹಂಗಾರ ಆಕಿಗೆ ಗೊತ್ತದ.” ಆಮೇಲೆ, ದನಿ ಏರಿಸದೆಯೇ: “ಅವತ್ತು ನೀ ಖರೇ ಹೇಳಿದ್ರ ದಾರಿ ತುಂಬ ಅಳ್ಕೋತ ಬರತಿದ್ದೆ. ಹಣ್ಣು ಆರಿಸ್ಕೋತ ನಿಂದಿರತಿರಲಿಲ್ಲ. ಹಣ್ಣಿನಾಕಿ ಕೂಡ ನಗನಗತ ಮಾತಾಡೀನಿ ನಾ, ಗೊತ್ತದೇನು ನಿನಗ?”

ನನಗೆ ಗೊತ್ತಿರಲಿಲ್ಲ.

“ಬುಕ್ಕು ತಂದಿಯೇನು?”

ಎರಡನೆಯ ಸಂಪುಟ ಚೀಲದಲ್ಲಿತ್ತು. ಯಾಕೆ ಹಾಕಿಕೊಂಡು ಬಂದಿದ್ದೆನೋ.

“ಓದು. ಅದರಾಗ ಇದ್ದಂಗ ಹೇಳು.”

ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ತಾಯಿ ಮೂರನೆಯ ದಿನ ದಂಡೆಗೆ ಬರುತ್ತಾಳೆ. ಮನೆಯ ಬಾಗಿಲಲ್ಲಿ ಹೆಂಗಸರು ನಿಂತಿರುತ್ತಾರೆ, ಒಬ್ಬರೂ ಅವಳ ಮುಖ ನೋಡುವುದಿಲ್ಲ. ಅವಳು ದೋಣಿಯಿಂದ ಇಳಿಯದೆ, ಹಗ್ಗವನ್ನು ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು ಮಾಡುತ್ತಾಳೆ. ಸರಣಿಯ ಎಂಟು ನಿಮಿಷದಲ್ಲಿ ಈ ಹಗ್ಗ ಇರಲಿಲ್ಲ. ಅಕ್ಕ ಆ ಸಾಲನ್ನು ಇನ್ನೊಮ್ಮೆ ಹೇಳಿಸಿದಳು. ಒಂದೂವರೆ ಪುಟ ಮುಗಿದ ಮೇಲೆ, ಎದ್ದು ಹೋಗಿ ಒಲೆಯ ಮೇಲೆ ಚಹಾಕ್ಕೆ ಇಟ್ಟಳು. ಅವಳು ಅಳುತ್ತಿದ್ದಳೋ ಇಲ್ಲವೋ ನನಗೆ ಕಾಣಲಿಲ್ಲ. ನಾನು ಒಳಗೆ ಹೋಗಲಿಲ್ಲ.

ಅದಾದ ಮೇಲೆ ನಾವು ಜಗಳವಾಡಿಲ್ಲ. ನಾನು ಹೋಗುತ್ತೇನೆ, ಊಟ ಹಾಕುತ್ತಾಳೆ, ಕೌದಿ ಹೊಲಿಯುತ್ತೇವೆ. ಮೂರನೆಯ ಸೀಸನ್ ಬಂದಿದೆ. ಖಾಲಾ ಜೊತೆ ನೋಡುತ್ತಾಳೆ. ಪುಸ್ತಕದಲ್ಲಿ ಹೇಗಿದೆ ಎಂದು ನನ್ನನ್ನು ಕೇಳುವುದಿಲ್ಲ.

ಹೋದ ತಿಂಗಳು ಮಾನ್ವಿಯಲ್ಲಿ ಅವ್ವನಿಗೆ ಜ್ವರ ಬಂತು. ಸಾಧಾರಣ ಜ್ವರ, ಗುಳಿಗೆ ತಗೊಂಡು ಮಲಗಿದ್ದಳು. ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕಾ, ಅವ್ವಗ ಸ್ವಲ್ಪ ಜ್ವರ ಬಂದಾವ. ಜಾಸ್ತಿ ಏನಿಲ್ಲ.”

ಆ ಕಡೆ ಟಿವಿಯ ಸದ್ದು ನಿಂತಿತು.

“ಅವ್ವನ ಕೈಯಾಗ ಕೊಡು.”

ಅವ್ವನನ್ನು ಎಬ್ಬಿಸಿ ಫೋನ್ ಕೈಗೆ ಕೊಟ್ಟೆ. ನಿದ್ದೆ ಕೆಟ್ಟ ಅವ್ವ ರೇಗಿದಳು. “ಏನಬೇ? ಅದೀನಿ, ಅದೀನಿ. ಇಷ್ಟರಾಗ ಎಲ್ಲಿ ಹೊಕ್ಕೀನಿ? ನೀ ಉಂಡೀಯೇನು?”

ಏನೇನೋ ಮಾತಾಡಿದರು. ಅವ್ವ ಎರಡು ಸಲ ಕೆಮ್ಮಿದಳು, ಒಮ್ಮೆ ನಕ್ಕಳು. ಫೋನು ವಾಪಸು ನನ್ನ ಕೈಗೆ ಬರುವಷ್ಟರಲ್ಲಿ ಅಕ್ಕ ಕಟ್ ಮಾಡಿದ್ದಳು.