ಕಮಲಾಪುರದಲ್ಲಿ ಪುಕ್ಕಟೆ ನಡಿಗೆ

ಬೆಳಿಗ್ಗೆ ನಳದ ನೀರು ತುಂಬಿದೆ, ಹಾಲು ಕಾಸಿದೆ, ರೊಟ್ಟಿ ಬಡಿದೆ, ಎಣ್ಣೆಗಾಯಿ ಮಾಡಿ ಬುತ್ತಿ ಕಟ್ಟಿದೆ, ಗುಲಬರ್ಗಾ ಶಹಾಬಜಾರದ ನಮ್ಮ ಮನೆಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದೆ. ಆಮೇಲೆ ಕಮಲಾಪುರದ ಹೊಲಗಳಲ್ಲಿ ಸುಮ್ಮನೆ ನಡೆಯಲು ಹೊರಟೆ.

ಈ ‘ಸುಮ್ಮನೆ’ಯ ಮೇಲೇ ನನ್ನ ಸಂಶಯ. ನಮ್ಮ ಕಡೆ ಹರಕೆಯಿದ್ದರೆ ನಡೆಯುತ್ತಾರೆ, ಇಲ್ಲವೇ ಡಾಕ್ಟರು ಹೆದರಿಸಿದರೆ. ಆದರೆ ನಮ್ಮ ಮನೆಯವರ ಫೋನಿಗೆ ಬಂದ ಸಂದೇಶದಲ್ಲಿ ಮಾರ್ಗದರ್ಶಕರೊಡನೆ ಹಳ್ಳಿಯ ನಡಿಗೆ, ಚಹಾ ಸಹಿತ, ಪುಕ್ಕಟೆ ಎಂದಿತ್ತು. ಪುಕ್ಕಟೆ ಚಹಾದ ಹಿಂದೆ ಎಲ್ಲೋ ಒಂದು ಪ್ಲಾಟಿನ ನಕ್ಷೆ ಇದ್ದೇ ಇರುತ್ತದೆ. ಅದರಲ್ಲೂ ಇವರಿಗೆ ನಿವೃತ್ತಿಯಾದಾಗಿನಿಂದ ಹೊಲ ಕೊಳ್ಳುವ ಹುಚ್ಚು. ಕಾವಲಿಗೆಂದು ನಾನೂ ಬಸ್ಸು ಹತ್ತಿದೆ.

ಮಾರ್ಗದರ್ಶಕ ಒಬ್ಬ ಸಣಕಲು ಮೇಷ್ಟ್ರು. ಹಕ್ಕಿ ತೋರಿಸಿದರು, ಹುಲ್ಲಿನ ಹೆಸರು ಹೇಳಿದರು. ಉಳಿದವರು ಹಕ್ಕಿ ನೋಡಿದರು, ನಾನು ಅವರ ಚೀಲ ನೋಡಿದೆ. ನಕ್ಷೆಯ ಸುರುಳಿ ಈಗ ಹೊರಬಂದೀತು ಎಂದುಕೊಂಡರೆ ನೀರಿನ ಬಾಟಲಿ ಬಂತು. ಎಷ್ಟು ಪಳಗಿದ ಮನುಷ್ಯ ಎಂದುಕೊಂಡೆ.

ಕೆಂಪು ಬಾಳೆಯ ತೋಟವೊಂದರ ಬದುವಿನಲ್ಲಿ ನಮ್ಮವರು ಬಗ್ಗಿ ಹಿಡಿ ಮಣ್ಣು ತೆಗೆದು, ಪುಡಿಮಾಡಿ, ಮೂಸಿದರು. ಒಕ್ಕಲು ಮನೆತನದವರ ಚಾಳಿ ಅದು. ಬೀಗರ ಮನೆಯ ಹೂವಿನ ಕುಂಡವನ್ನೂ ಬಿಡುವುದಿಲ್ಲ.

“ಬೋರಿಗೆ ಎಷ್ಟ ಫೂಟಿಗೆ ನೀರ ಹತ್ತೇದ?” ಎಂದು ಗಾಳಿಗೆ ಕೇಳಿದರು.

ಬಾಳೆಯ ನಡುವಿನಿಂದ ಕುಡುಗೋಲು ಹಿಡಿದ ಹೆಂಗಸೊಬ್ಬಳು ಬಂದಳು.

“ನಮ್ಮ ಭಾವ ಕಳಿಸ್ಯಾನೇನ್ರಿ ನಿಮ್ಮನ್ನ? ಮೊನ್ನೇನೂ ಇಬ್ಬರು ಹಿಂಗ ಮಣ್ಣ ಮೂಸಿ ಹೋದ್ರು. ಗಂಡ ಸತ್ತ ಅಂತ ಹೊಲಾನೂ ಬಿಡ್ತೀನೇನು? ಮಾರಂಗಿಲ್ಲ, ಹೋಗ್ರಿ.”

“ಇಲ್ಲವ್ವಾ, ನಾವು ನಡೀಲಾಕ ಬಂದೀವಿ,” ಎಂದೆ.

“ನಡೀಲಾಕ? ಗುಲಬರ್ಗಾದಾಗ ರಸ್ತಾ ತೀರ್ಯಾವೇನು?”

ಎಲ್ಲರೂ ನಕ್ಕರು, ಆಕೆ ನಗಲಿಲ್ಲ. ಬೆಳಗಿನಿಂದ ನಾನು ಮೇಷ್ಟ್ರ ಚೀಲವನ್ನು ನೋಡಿದ ಕಣ್ಣಿನಲ್ಲೇ ಆಕೆ ನಮ್ಮನ್ನು ನೋಡುತ್ತಿದ್ದಳು. ನನಗೆ ಸಂಶಯ ಕಾಲಹರಣ. ಆಕೆಗೆ ಅದೇ ಹೊಲದ ಬೇಲಿ.

ಆಕೆ ಒಂದು ಚಿಪ್ಪು ಹಣ್ಣು ಕೊಯ್ದು ತಂದಳು. “ತಿನ್ರಿ. ಈ ಹೊಲದ್ದು ತಿಂದವರು ಇದರ ಮ್ಯಾಲ ಕಣ್ಣ ಹಾಕಬಾರದು.”

ನಾನು ಸುಲಿದೆ. ಮೇಷ್ಟ್ರು ಆಗಲೇ ಅರ್ಧ ತಿಂದಿದ್ದರು. ನಮ್ಮವರು ಮಾತ್ರ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

“ಯಾಕ್ರೀ?”

“ಶುಗರ್ ಅದಲ್ಲಾ ನನಗ…”

“ಪೇಢೆ ತಿನ್ನೂವಾಗ ಎಲ್ಲಿ ಹೋಗಿರ್ತದ ಅದು?”

ಇವರು ದನಿ ತಗ್ಗಿಸಿದರು. “ಆಕಿ ಭಾವ ಫೋನ್ ಮಾಡಿದ್ದ. ನಡಿಗಿ ಹೆಂಗೂ ಈ ಹೊಲದ ಮ್ಯಾಲೇ ಹೋಗ್ತದ, ನೋಡಿ ಹೇಳ್ತೀನಿ ಅಂದಿದ್ದೆ.”

ಹಾಗಾದರೆ ನಾನು ದಿನವಿಡೀ ಕಾದದ್ದು ಬೇರೆಯವರ ಚೀಲ! ಇವರನ್ನೇ ನೋಡಿದೆ. ಇವರು ಹಣ್ಣನ್ನು ಪೂರ್ತಿ ತಿಂದು, ಅಲ್ಲೇ ಫೋನ್ ಹಚ್ಚಿ, “ಆ ಹೊಲ ನನಗ ಬ್ಯಾಡ್ರಿ,” ಎಂದರು.

“ಜೋರಾಗಿ ಹೇಳ್ರಿ, ಅವನಿಗೆ ಕಿವಿ ಮಂದ,” ಎಂದಳು ಆಕೆ.

ರಾತ್ರಿ ಉಳಿದ ರೊಟ್ಟಿಗೆ ಮೊಸರು, ಶೇಂಗಾ ಹಿಂಡಿ ಹಚ್ಚಿಕೊಂಡು ಉಂಡೆವು. ಮೊದಲು ಮಲಗಿದವರು ಇವರೇ. ಹೊಲ ಕೊಳ್ಳದವರಿಗೆ ಎಂಥ ನಿದ್ದೆ! ಆ ಭಾವ ಈಗ ಇನ್ಯಾರಿಗೆ ಫೋನ್ ಹಚ್ಚಿದನೋ ಎಂದು ನಾನು ಎಚ್ಚರವಾಗಿಯೇ ಇದ್ದೆ.