ಮಾರ್ತಮ್ಮನ ಹಬ್ಬಕ್ಕೆ ಪಾಲುದಾರರು

ನಾನು ಮೇಷ್ಟರಾಗಿದ್ದ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಮಾರ್ತಮ್ಮನಿಗೆ ಸಿಟ್ಟು ಬಂದಿದೆಯೆಂಬುದು ಪಾತ್ರೆಗಳ ಸದ್ದಿನಲ್ಲೇ ತಿಳಿಯುತ್ತಿತ್ತು. ಮಕ್ಕಳನ್ನು ಬೈಯುತ್ತಲೇ ಅವರ ತಟ್ಟೆಗೆ ಇನ್ನೊಂದು ಸೌಟು ಸುರಿಯುತ್ತಿದ್ದಳು.

ಶಹಾಪುರದ ಹೊರಗಿನ ಅವರ ಪುಟ್ಟ ಚರ್ಚಿನಲ್ಲಿ ಜುಲೈ ಇಪ್ಪತ್ತೊಂಬತ್ತಕ್ಕೆ ಸಂತ ಮಾರ್ತಳ ಹಬ್ಬ. ಬೈಬಲ್ಲಿನಲ್ಲಿ ಏಸುಸ್ವಾಮಿ ಮನೆಗೆ ಬಂದಾಗ ಅಡುಗೆಗೆ ನಿಂತವಳು ಮಾರ್ತ. ಪಾದದ ಬಳಿ ಕುಳಿತು ಮಾತು ಕೇಳಿದವಳು ತಂಗಿ ಮರಿಯ. ಲಾಜರ ಅವರ ಸಹೋದರ. ಹೆಸರಿನ ಹಬ್ಬದ ದಿನ ಆ ಹೆಸರಿನವರಿಗೆ ಪೀಠದ ಮುಂದೆ ಮಾಲೆ ಹಾಕುವುದು ಅಲ್ಲಿಯ ರೂಢಿ. ಆದರೆ ಪೂಜೆಯ ಹೊತ್ತಿಗೆ ನಮ್ಮ ಮಾರ್ತಮ್ಮ ಹಬ್ಬದೂಟಕ್ಕೆ ರೊಟ್ಟಿ ಬಡಿಯುತ್ತ ಚರ್ಚಿನ ಹಿತ್ತಲಿನ ಒಲೆಯ ಮುಂದಿರುತ್ತಿದ್ದಳು. ಉಪದೇಶಿ ಬಾಲರಾಜ ಅವಳ ಮಾಲೆಯನ್ನು ತಂದು ಅಡುಗೆಮನೆಯ ಮೊಳೆಗೆ ನೇತುಹಾಕಿ ಹೋಗುತ್ತಿದ್ದರು. ತನ್ನ ಸಂತಳ ಪೂಜೆಯನ್ನು ಅವಳು ಒಮ್ಮೆಯೂ ಕುಳಿತು ಕೇಳಿರಲಿಲ್ಲ.

ಆ ದಿನವನ್ನು ಮೂವರ ಹೆಸರಿನಲ್ಲೂ ಆಚರಿಸಬೇಕೆಂದು ರೋಮಿನಿಂದ ಅಪ್ಪಣೆಯಾಗಿತ್ತು. ಒಂದು ವರ್ಷ ಹೊಸದಾಗಿ ಬಂದ ಫಾದರ್ ಅದನ್ನು ಸಾರಿದ್ದೇ ತಡ, ಮಾರ್ತಮ್ಮನ ತಂಗಿ ಮರಿಯಮ್ಮ ಹಬ್ಬದ ದಿನ ರೇಷ್ಮೆ ಸೀರೆಯುಟ್ಟು ಸುರಪುರದಿಂದ ಬಂದಳು. ಮಾಲೆಗಾಗಿ!

“ನಿನ್ನ ಹಬ್ಬ ಸೆಪ್ಟೆಂಬರ್ ಎಂಟಕ್ಕ ಅದಲ್ಲೇ! ನಿನಗಿಟ್ಟದ್ದು ಏಸುಸ್ವಾಮಿ ತಾಯಿ, ದೇವಮಾತಿ ಹೆಸರು, ಈ ಮರಿಯಂದಲ್ಲ,” ಎಂದು ಮಾರ್ತಮ್ಮ ಹಿಟ್ಟಿನ ಕೈಯನ್ನೇ ಝಾಡಿಸಿದಳು.

“ಹೆಸರು ಒಂದೇ ಅಲ್ಲೇನಕ್ಕ? ಎರಡೂ ಹಬ್ಬ ನಂದೇ ಅಂತ ತಿಳಕೋ.”

“ನೋಡ್ರಿ ಸರ, ಹೆಂಗ ನಗ್ತಾಳ! ಸಣ್ಣಾಕಿದ್ದಾಗಿಂದ ಕುಂತು ಉಂಡಾಕಿ. ಅಕಿ ಸಂತಳೂ ಕುಂತಾಕೀನೇ. ರೊಟ್ಟಿ ಬಡಿಯಾಕಿ ನಾ, ಮಾಲಿ ಅಕಿಗಿ!” ಎಂದು ಮಾರ್ತಮ್ಮ ಹಬ್ಬಕ್ಕೆ ಬಂದಿದ್ದ ನನ್ನತ್ತ ತಿರುಗಿದಳು.

ಆ ವರ್ಷ ಧ್ವನಿವರ್ಧಕದ ಒಂದು ಹಾರನ್ನನ್ನು ಹಿತ್ತಲಿನ ಕಡೆಗೂ ಕಟ್ಟಿದ್ದರು. ಹಿಂದಿನ ಫಾದರ್ ಈ ಹಬ್ಬಕ್ಕೆ ಲಾಜರ ಸತ್ತು ಬದುಕಿದ ಭಾಗವನ್ನು ಓದುತ್ತಿದ್ದರು. ಹೊಸಬರು ಅಡುಗೆಯ ಭಾಗವನ್ನು ಆರಿಸಿಕೊಂಡಿದ್ದರು. ಏಸುಸ್ವಾಮಿ ಮಾರ್ತಳನ್ನು ಎರಡು ಸಲ ಹೆಸರು ಹಿಡಿದು ಕರೆಯುವುದು ಅದರಲ್ಲಿಯೇ.

“ಮಾರ್ತಾ, ಮಾರ್ತಾ...”

ರೊಟ್ಟಿ ಬಡಿಯುವ ಸದ್ದು ಥಟ್ಟನೆ ನಿಂತಿತು. ಪಕ್ಕದ ಬಾಗಿಲಿನಿಂದ ಮಾರ್ತಮ್ಮ ಒಳಗೆ ನುಗ್ಗಿದಳು.

“ಏನ್ರಿ ಫಾದರ್, ಎರಡೆರಡು ಸರ್ತಿ ಯಾಕ ಒದರಾಕತ್ತೀರಿ? ರೊಟ್ಟಿ ಇನ್ನಾ ಆಗಿಲ್ಲ!”

ಚರ್ಚು ಗೊಳ್ಳೆಂದು ನಕ್ಕಿತು. ನನಗೆ ಮೈ ಉರಿಯಿತು. ನಕ್ಕವರೆಲ್ಲರೂ ಅವಳ ರೊಟ್ಟಿ ತಿಂದವರೇ.

ಬಾಲರಾಜ ಓಡಿ ಬಂದರು. “ಯಕ್ಕಾ, ನಿನ್ನಲ್ಲ. ಬೈಬಲ್‌ನಾಗಿನ ಮಾರ್ತಳನ್ನ ಏಸುಸ್ವಾಮಿ ಕರದದ್ದು. ನಡಿ, ರೊಟ್ಟಿ ಹೊತ್ತತಾವ.”

“ಅಕಿನ್ನೂ ಅಡಗಿ ಮಾಡಾಗ ಕರದ್ರೇನು? ಕರದು ಏನಂದ್ರು?”

ಫಾದರ್ ಮೆಲ್ಲಗೆ, “ಕೆಲಸದ ಚಿಂತೆ ಸಾಕು, ಕುಳಿತು ಕೇಳುವುದೇ ಮೇಲು ಎಂದರಮ್ಮಾ,” ಎಂದರು.

ಮಾರ್ತಮ್ಮನ ಮುಖ ಕೆಂಪಾಯಿತು. “ಇಷ್ಟು ವರ್ಷ ಇದನ್ನ ನನಗ ಯಾರೂ ಯಾಕ ಹೇಳಲಿಲ್ಲ? ನಿಮಗ ರೊಟ್ಟಿ ಬೇಕಿದ್ವು, ಅದಕ್ಕ?”

ಮೊದಲ ಸಾಲಿಗೆ ಹೋಗಿ ತಂಗಿಯ ಎದುರು ನಿಂತಳು. “ಏಳs, ಒಲಿ ಉರಿಯಾಕತ್ತದ.”

ಮರಿಯಮ್ಮ ರೇಷ್ಮೆ ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ನಡೆದಳು. ಮಾರ್ತಮ್ಮ ಆ ಜಾಗದಲ್ಲಿ ಹಿಟ್ಟಿನ ಕೈಗಳನ್ನೇ ಮುಗಿದು ಕುಳಿತಳು. ಫಾದರ್ ಓದನ್ನು ಮತ್ತೆ ಮೊದಲಿನಿಂದ ಆರಂಭಿಸಿದರು.

ಹಿತ್ತಲಿನಿಂದ ರೊಟ್ಟಿಯ ಸದ್ದು ತಾಳ ತಪ್ಪಿ ಕೇಳತೊಡಗಿತು.

“ಹಿಟ್ಟು ನಾದೇ ಇಲ್ಲ ದರಿದ್ರದಾಕಿ,” ಎಂದು ಮಾರ್ತಮ್ಮ ಹಲ್ಲು ಕಡಿದಳು. ಆದರೆ ಏಳಲಿಲ್ಲ.