ಸಕ್ಕೂ ಆಯಿ ಒಲಿ ದೊಡ್ಡದಾದ ದಿನ

ಬೆಳವಣಕಿಯೊಳಗ ಸಕ್ಕೂಬಾಯಿ ಅಂತ ಒಬ್ಬರಿದ್ದಾರ. ವಯಸ್ಸು ಅರವತ್ತೆಂಟೋ ಎಪ್ಪತ್ತೋ ಅವರಿಗೂ ಗೊತ್ತಿಲ್ಲ, ಆಧಾರ್ ಕಾರ್ಡಿನಾಗ ಜನವರಿ ಒಂದನೇ ತಾರೀಖು ಹುಟ್ಟ್ಯಾರ ಅಂತ ಅದ, ಆ ಓಣ್ಯಾಗ ಆ ವಯಸ್ಸಿನವರೆಲ್ಲಾ ಜನವರಿ ಒಂದಕ್ಕೇ ಹುಟ್ಟ್ಯಾರ! ಇವರ ಬಗ್ಗೆ ನಾ ಬರೀಲೇಬೇಕು, ಯಾಕಂದ್ರ ಇವರು ಮಗನ ಜೋಡಿ ಪಂಥ ಕಟ್ಟಿದ್ರು, ಸೋತ್ರು, ಸೋತು ಒಂದ ತಾಸಿನಾಗ ಗೆದ್ದ್ರು, ಅದೂ ಒಂದ ಸುಳ್ಳ ಹೇಳಲಾರದ!

ನಮ್ಮೂರು ನರಗುಂದ. ಓದೋದು ಗಜೇಂದ್ರಗಡದಾಗ, ಬಿ.ಎಸ್ಸಿ. ಎರಡನೇ ವರ್ಷ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಅಂದ್ರ ಕನ್ನಡ ಫಟಫಟ ಮಾತಾಡ್ತೀನಿ, ತಿಳೀತದೋ ಇಲ್ಲೋ ಅದು ಬ್ಯಾರೆ ಮಾತು. ನನಗ ಸಿಕ್ಕ ಪ್ರೊಜೆಕ್ಟು: ಮನ್ಯಾಗ ಕಟ್ಟಿಗಿ ಒಲಿ ಅಪಾಯ ಇಲ್ಲದ, ಕಡಿಮಿ ಕಟ್ಟಿಗ್ಯಾಗ ಹ್ಯಾಂಗ ಉರಸಬೇಕು. ನಮ್ಮ ಮನ್ಯಾಗ ಕಟ್ಟಿಗಿ ಹಚ್ಚೋದು ದೀಪಾವಳಿ ಎಣ್ಣಿಸ್ನಾನಕ್ಕ ನೀರ ಕಾಸೂವಾಗ ಅಷ್ಟ. ಅದಕ್ಕ ನನ್ನ ರೂಮ್‌ಮೇಟ್ ಅನ್ನಪೂರ್ಣಾ, ‘ನಮ್ಮ ಆಯಿ ದಿನಾ ಮುಂಜಾನೆ ಮೂವತ್ತು ರೊಟ್ಟಿ ಒಲಿ ಮ್ಯಾಲೇ ಬಡೀತಾಳ, ನಮ್ಮೂರಿಗೆ ಬಾ ಶ್ರದ್ಧಾ, ಆದ್ರ ಲಗೂ ಬಾ’ ಅಂದ್ಲು. ಲಗೂ ಯಾಕಂದ್ರ ಶುಕ್ರವಾರ ಗಾರಿ ಕೆಲಸದ ಗೌಂಡಿ ಬಂದು ಆ ಒಲಿ ಒಡಿಯವ ಇದ್ದ.

ಒಡಸವರು ದುರಗೇಶಕಾಕಾ, ಅನ್ನಪೂರ್ಣಾನ ಅಪ್ಪ, ಸಕ್ಕೂ ಆಯಿಯ ಒಬ್ಬನ ಮಗ. ಕೆಟ್ಟವರಲ್ಲ ಅವರು. ಆಯಿಗೆ ಕೆಮ್ಮು, ರೋಣದ ದವಾಖಾನ್ಯಾಗ ಡಾಕ್ಟರು ‘ಹೊಗಿಯಿಂದ ದೂರ ಇರಿ’ ಅಂದಾರ. ಇನ್ನ ಎರಡ ತಿಂಗಳ ಹಿಂದ ಆಯಿಯ ಸೆರಗಿಗೆ ಬೆಂಕಿ ತಾಗಿತ್ತು, ಆಯಿ ಅದನ್ನ ತಾನೇ ತಿಕ್ಕಿ ನಂದಿಸಿ ಯಾರಿಗೂ ಹೇಳಿರಲಿಲ್ಲ, ಆದ್ರ ಒಣ ಹಾಕಿದ ಸೀರಿ ಹೇಳಿಬಿಡ್ತು. ಅವತ್ತ ಕಾಕಾ ಗ್ಯಾಸಿಗೆ ಹೆಸರ ಹಚ್ಚಿ ಬಂದ್ರು.

ಆಯಿಗೆ ಆ ಒಲಿ ಬರೇ ಒಲಿ ಅಲ್ಲ. ಅವರ ತವರಮನಿ ಮೆಣಸಗಿ, ಮಲಪ್ರಭಾ ದಂಡಿ. ಮದಿವ್ಯಾಗಿ ಬಂದ ಎರಡನೇ ವರ್ಷ ತವರಿನಿಂದ ಒಂದ ಚೀಲ ಹೊಳಿಮಣ್ಣು ಬಸ್ಸಿನಾಗ ತಂದು, ಕುದುರಿ ಲದ್ದಿ, ಹೊಟ್ಟು ಕೂಡಿಸಿ, ಎಂಟ ದಿನ ತುಳದು ತಾವೇ ಕಟ್ಟಿದ ಒಲಿ ಅದು. ಕಂಡಕ್ಟರ್ ಆ ಚೀಲಕ್ಕ ಅರ್ಧ ಟಿಕೀಟು ಹರದಿದ್ನಂತ. ‘ನನ್ನ ಚೊಚ್ಚಲ ಮಗಳು ಅದು, ದುರಗ್ಯಾ ಆಮ್ಯಾಲೆ ಹುಟ್ಟಿದ’ ಅಂತಾರ ಆಯಿ. ಮುಂದ ಹೊಳಿ ಬಂದು ತವರಮನಿ ಗ್ವಾಡಿ ಬಿದ್ದು, ಅವರೆಲ್ಲಾ ಬ್ಯಾರೆ ಕಡೆ ಮನಿ ಕಟಗೊಂಡ್ರು. ಆ ಮನಿದು ಅಂತ ಉಳದದ್ದು ಈ ಒಲಿ ಮಣ್ಣೊಂದ.

ಅನ್ನಪೂರ್ಣಾನ ಅವ್ವ ಅಂಗನವಾಡಿ ಟೀಚರು, ಅವರು ಮಾತ್ರ ಯಾರ ಪಾರ್ಟಿನೂ ಅಲ್ಲ. ‘ನನಗ ಎರಡೂ ಒಲಿ ಒಂದ. ಬೇಯಿಸವ್ರು ಮತ್ತೊಬ್ಬರಿದ್ರ ಸಾಕು’ ಅಂದು ವ್ಯಾನಿಟಿ ಬ್ಯಾಗ್ ಹಾಕ್ಕೊಂಡು ಹೋಗೇಬಿಟ್ರಂತ.

ಗುರುವಾರ ಸಂಜಿಗೆ ನಾ ಹೋದೆ. ನನ್ನ ಹತ್ರ ಕಾಲೇಜಿನ ಒಂದ ಸಣ್ಣ ಪೆಟಗಿ ಇತ್ತು, ಹೊಗಿ ಅಳಿಯೋದು. ಗಾಳಿ ಚಲೋ ಇದ್ರ ಹಸರು ದೀಪ, ಸ್ವಲ್ಪ ಕೆಟ್ರ ಹಳದಿ, ಭಾಳ ಕೆಟ್ರ ಕೆಂಪು. ದುರಗೇಶಕಾಕಾ ಅದನ್ನ ಹಿಂದ ಮುಂದ ತಿರುವಿ ನೋಡಿ, ‘ಇದು ನಿಷ್ಪಕ್ಷಪಾತ ಐತಿ ನೋಡವಾ. ನಾಳೆ ರೊಟ್ಟಿ ಮುಗಿಯೂತನಕ ಕೆಂಪ ಆಗದಿದ್ರ ನಿನ್ನ ಒಲಿ ಇರ್ಲಿ. ಕೆಂಪ ಆತೋ, ಗೌಂಡಿ ಅದಾನ’ ಅಂದ್ರು.

‘ಆಗಲಿ’ ಅಂದ್ರು ಆಯಿ. ‘ಪೆಟಗಿ ಹೇಳಿದ್ದ ಖರೇ.’

ನನಗೋ ಖುಷಿ ಅಂದ್ರ ಖುಷಿ, ಪ್ರೊಜೆಕ್ಟಿಗೆ ಇಂಥಾ ಪಂಥ ಯಾರಿಗೆ ಸಿಗ್ತದ!

ಶುಕ್ರವಾರ ಮುಂಜಾನೆ ಆರೂವರಿಗೆ ನಾನು ಪ್ರಿಂಟ್ ತಗೊಂಡ ಹಾಳಿ ಹಿಡಕೊಂಡು ಅಡಗಿಮನ್ಯಾಗ ಕೂತೆ. ಅದು ಯಾವುದೋ ಹಿಮ ಬೀಳೂ ದೇಶದ ವೆಬ್‌ಸೈಟಿಂದು, ಕಟ್ಟಿಗಿ ಒಲಿ ನಿಯಮ ಇಪ್ಪತ್ತೆರಡು. ಓದಿ ಓದಿ ಕನ್ನಡ ಮಾಡಿ ಕೇಳ್ಲಿಕ್ಕೆ ಶುರು ಮಾಡಿದೆ.

‘ಆಯಿ, ಒಲಿಯ ಗಾಜಿನ ಬಾಗಲಾ ವಾರಕ್ಕೊಮ್ಮೆ ಒರಸ್ತೀರೇನ್ರಿ?’

ಆಯಿ ಒಲಿ ಬಾಯಿ ನೋಡಿದ್ರು, ನನ್ನ ನೋಡಿದ್ರು. ‘ಮನಿ ಮುಂಬಾಗಲಕ್ಕ ಗಾಜಿಲ್ಲ ತಂಗಿ.’

‘ಥಂಡಿ ಭಾಳ ಇದ್ದಾಗ ರಾತ್ರಿಯೆಲ್ಲಾ ಉರಸ್ತೀರೇನ್ರಿ?’

‘ನಮ್ಮಲ್ಲಿ ಥಂಡಿ ಒಂದ ಹದಿನೈದ ದಿನ ಬರತೈತಿ, ಬಂದದ್ದು ತಿಳಿಯೂದ್ರಾಗ ಹೋಗತೈತಿ.’

ಆಮ್ಯಾಲೆ ಬಂತು ನೋಡ್ರಿ ನಾಕನೇ ನಿಯಮ. ಅದ್ರಾಗ ಕಟ್ಟಿಗಿ ‘ಸೀಸನ್ಡ್’ ಇರಬೇಕು ಅಂತ ಇತ್ತು. ಸೀಸನಿಂಗ್ ಅಂದ್ರ ನನಗ ಗೊತ್ತಿದ್ದದ್ದು ಪಿಜ್ಜಾ ಜೋಡಿ ಬರೂ ಪುಡಿ ಚೀಟಿ.

‘ಆಯಿ, ಕಟ್ಟಿಗಿಗೆ ಮಸಾಲಿ ಹಚ್ಚೀರೇನ್ರಿ?’

ಅನ್ನಪೂರ್ಣಾ ನೆಲಕ್ಕ ಬಿದ್ದು ನಕ್ಕಳು. ಆಯಿ ನಗಲಿಲ್ಲ, ಭಾಳ ಗಂಭೀರಾಗಿ, ‘ಇಲ್ಲವ್ವ, ನಾವು ಬಡವರು, ಸಪ್ಪಂದ ಉರಸ್ತೀವಿ’ ಅಂದ್ರು. ಒಂದ ವರ್ಷ ಒಣಗಿಸಿದ ಕಟ್ಟಿಗಿ ಅಂತ ಅದರರ್ಥ, ಅದನ್ನ ಅನ್ನಪೂರ್ಣಾನ ಮೊಬೈಲ್ ಹೇಳ್ತು. ಆಗ ಆಯಿ ಎದ್ದು ಹೋಗಿ ಎರಡ ಜಾಲಿ ತುಂಡು ತಂದು ಒಂದಕ್ಕೊಂದು ಬಡದ್ರು, ‘ಟಣ್’ ಅಂತು. ಇನ್ನೆರಡು ತಂದು ಬಡದ್ರು, ‘ದಬ್’ ಅಂತು. ‘ಟಣ್ ಅನ್ನೂದು ಅಡಗಿಗೆ. ದಬ್ ಅನ್ನೂದಕ್ಕ ಇನ್ನೊಂದ ಬ್ಯಾಸಗಿ ಬೇಕು. ಹಸೀ ಕಟ್ಟಿಗಿ ಉರಿಯೂದಿಲ್ಲ, ಅಳತೈತಿ. ಅದು ಅತ್ತರ ನಾವೂ ಅಳಬೇಕು.’ ನಾ ಬರಕೊಂಡೆ, ಬರಕೊಂಡೆ, ಪೆನ್ನು ನಿಲ್ಲವಲ್ದು!

ನಾ ಕೇಳೂದು ಬಿಟ್ಟು ನೋಡೂದು ಶುರು ಮಾಡಿದ ಮ್ಯಾಲೆ ಪ್ರೊಜೆಕ್ಟ್ ಚಲೋ ನಡೀತು. ಮೊದಲ ಹಿಂದಿನ ದಿನದ ಬೂದಿ ತಗದ್ರು, ಎಲ್ಲಾ ಅಲ್ಲ, ತಳಕ್ಕ ಒಂದ ಬಟ್ಟು ಬಿಟ್ಟು. ಸೆರಗು ಸುತ್ತಿ ಸೊಂಟಕ್ಕ ಸಿಗಿಸಿದ್ರು (ಇದು ಎರಡ ತಿಂಗಳಿಂದ ಶುರುವಾದ ಪದ್ಧತಿ, ಕಾಕಾ ಕೆಮ್ಮಿ ತೋರಿಸಿದ್ರು), ನನ್ನ ಓಢಣಿನೂ ಕಟ್ಟಿಸಿದ್ರು. ಹಿತ್ತಲ ಬಾಗಲಾ ತಗದು, ಮ್ಯಾಳಗಿ ಮ್ಯಾಲಿನ ಬೆಳಕಿಂಡಿ ಮುಚ್ಚಳಾ ಸರಿಸಿದ್ರು. ಸೀಮಿಎಣ್ಣಿ ಹನಿ ಇಲ್ಲ, ನಾಕ ತೊಗರಿ ಕಡ್ಡಿ, ಮ್ಯಾಲೆ ಎರಡ ಹತ್ತಿಕಟ್ಟಿಗಿ, ನಡುವ ಗಾಳಿಗೆ ಜಾಗಾ, ಒಂದ ಕಡ್ಡಿಪೆಟಗಿ ಕಡ್ಡಿ. ಹತ್ತೇಬಿಡ್ತು! ‘ಒಲಿಗೆ ತುತ್ತು ಮಾಡಿ ಉಣಸಬೇಕು, ಬುಟ್ಟಿಗಟ್ಟಲೆ ಸುರವಬಾರದು’ ಅಂತ ಒಂದೊಂದ ಜಾಲಿ ತುಂಡು ತುದಿ ಅಷ್ಟ ಒಳಗ ಇಟ್ಟು, ಉರದಂಗ ಉರದಂಗ ಕಾಲಿಲೆ ಮುಂದ ಸರಸೋದು, ಕೈಯಿಲೆ ರೊಟ್ಟಿ ಬಡಿಯೋದು. ದೊಡ್ಡ ಒಲಿ ಮ್ಯಾಲೆ ಹಂಚು, ಮಗ್ಗಲಿನ ಕೋಡೊಲಿ ಮ್ಯಾಲೆ ಬ್ಯಾಳಿ, ಅದಕ್ಕ ಬ್ಯಾರೆ ಕಟ್ಟಿಗಿನೇ ಇಲ್ಲ, ಇದರ ಝಳಕ್ಕೇ ಕುದೀತು.

ಪೆಟಗಿ ಹಸರು. ಹತ್ತ ರೊಟ್ಟಿ, ಹಸರು. ಇಪ್ಪತ್ತು, ಒಮ್ಮೆ ಹಳದಿ ಆಗಿ ಮತ್ತ ಹಸರು. ದುರಗೇಶಕಾಕಾ ಹೊಚ್ಚಲದಾಗ ಕುಕ್ಕರಗಾಲಲೆ ಕೂತು ಪೆಟಗಿ ನೋಡ್ಲಿಕತ್ತಿದ್ರು, ಕ್ರಿಕೆಟ್ ಕಡೇ ಓವರ್ ನೋಡಿದಂಗ. ‘ಇದಕ್ಕ ಸೆಲ್ ಅದಾವಿಲ್ಲ?’ ಅಂತ ಎರಡ ಸರ್ತಿ ಕೇಳಿದ್ರು.

ಇಪ್ಪತ್ತಾರನೇ ರೊಟ್ಟಿ ಹಂಚಿನ ಮ್ಯಾಲೆ ಇತ್ತು. ಆಯಿಯ ಎರಡೂ ಕೈ ಹಿಟ್ಟಿನಾಗ. ಉಳದ ನಾಕು ಬರೇ ಕೆಂಡದ ಮ್ಯಾಲೇ ಆಗ್ತಾವಂತ, ಕಟ್ಟಿಗಿ ಉಳಸೂದ್ರ ಗುಟ್ಟು ಅದ. ಆಯಿ ನನ್ನ ಕಡೆ ತಿರುಗಿ, ಭಾಳ ಪ್ರೀತಿಲೆ, ‘ತಂಗಿ, ಇನ್ನ ಒಲಿ ದೊಡ್ಡದು ಮಾಡವ್ವ’ ಅಂದ್ರು.

ನಾನೂ ಭಾಳ ಪ್ರೀತಿಲೆ ದೊಡ್ಡದು ಮಾಡಿದೆ. ಮೂಲ್ಯಾಗಿದ್ದ ಹತ್ತಿಕಟ್ಟಿಗಿ ಹೊರಿಯೊಳಗಿಂದ ಒಂದ ತೆಕ್ಕಿ ಎತ್ತಿ ಒಲಿ ಬಾಯಿಗೆ ತುರುಕಿ, ಊದಗೊಳವಿ ತಗೊಂಡು ಫೂ ಅಂತ ಊದೇಬಿಟ್ಟೆ!

ಆಮ್ಯಾಲೆ ಏನಾತು ಅಂದ್ರ, ಮೊದಲ ಹೊಗಿ, ಆಮ್ಯಾಲೆ ಹಂಚಿನ ಸುತ್ತ ಉರಿ, ಆಮ್ಯಾಲೆ ರೊಟ್ಟಿ ಬುಟ್ಟಿ ಅಂಚಿಗೆ ಉರಿ, ಆಮ್ಯಾಲೆ ನಾನು ಹಿತ್ತಲದಾಗ. ದುರಗೇಶಕಾಕಾ ನೀರಿನ ಕೊಡಾ ಎತ್ತಿದ್ರು. ‘ನೀರ ಬ್ಯಾಡೋ ಹುಚ್ಚಪ್ಪ!’ ಅಂತ ಆಯಿ ಚೀರಿದ್ರು. ‘ಬಿಸಿ ಬೂದಿ ಮಾರಿಗೆ ಹಾರತೈತಿ, ಒಲಿ ಬಿರೀತೈತಿ!’ ಬುಟ್ಟಿ ಹಿತ್ತಲಕ್ಕ ಒಗದು, ಉರಿಯೂ ಕೊಳ್ಳಿಗಳನ್ನ ಒಂದೊಂದ ಹೊರಗೆಳದು ಬೂದ್ಯಾಗ ಹೊಳ್ಳಿಸಿದ್ರು. ಎರಡ ನಿಮಿಷದಾಗ ಎಲ್ಲಾ ಶಾಂತ. ಪೆಟಗಿ ಅಷ್ಟ ಕೆಂಪಗ, ಕುಂಕುಮದ ಭರಣಿ ಹಂಗ.

‘ದೊಡ್ಡದು ಮಾಡು ಅಂದ್ರ ಆರಸು ಅಂತಲೇ ಹುಚ್ಚಿ!’ ಅಂದ್ಲು ಅನ್ನಪೂರ್ಣಾ, ಕಣ್ಣಾಗ ನೀರು, ಹೊಗಿದೋ ಸಿಟ್ಟಿಂದೋ. ‘ಬೆಂಕಿಗೆ ಆರಸು ಅನ್ನಬಾರದು, ಅಪಶಕುನ. ಬಳಿ ಒಡದ್ರ ಬಳಿ ಹೆಚ್ಚಿತು ಅನ್ನೂದಿಲ್ಲೇನು, ಹಂಗ.’

ದೀಪಕ್ಕ ಹಂಗಂತಾರ ಅಂತ ನಮ್ಮ ಅಜ್ಜಿ ಬಾಯಾಗ ನಾನೂ ಕೇಳಿದ್ದು ಆಗ ನೆನಪಾತು, ಭಾಳ ಲಗೂ ನೆನಪಾತು! ದೀಪದ ಮಾತನ್ನ ಒಲಿಗೂ ಹಚ್ಚವ್ರು ಊರಾಗ ಇವರ ಮನಿಯವರು ಮಾತ್ರ ಅಂತ.

ನಾ ಅತ್ತೇಬಿಟ್ಟೆ. ‘ತಪ್ಪು ನಂದ್ರಿ ಕಾಕಾ, ಇದು ಲೆಕ್ಕಕ್ಕಿಲ್ಲ.’ ಅನ್ನಪೂರ್ಣಾನೂ, ‘ಹೌದಪ್ಪ, ಮತ್ತೊಮ್ಮೆ ಅಳೀಬೇಕು’ ಅಂದ್ಲು.

ಆಯಿ ಕೈ ತೊಳಕೊಂಡು ಬಂದ್ರು. ‘ಪೆಟಗಿ ಹೇಳಿದ್ದ ಖರೇ ಅಂದೀನಿ. ಯಾರು ಊದಿದ್ರು ಅಂತ ಪೆಟಗಿ ಕೇಳ್ತದೇನು? ಮುಗೀತು.’ ಅಷ್ಟಂದು ಒಲಿ ಮುಂದ ಕೂತು ಅದರ ದಂಡಿ ಸವರಿದ್ರು. ನನಗ ಆ ಕೈ ನೋಡ್ಲಿಕ್ಕೆ ಆಗಲಿಲ್ಲ.

ಅಷ್ಟರಾಗ ಗೌಂಡಿ ಗವಿಸಿದ್ದಪ್ಪ ಬಂದ. ಕೊಣ್ಣೂರವ, ಈ ಮನಿಗೆ ಹೊಸಬ, ಕಾಕಾ ‘ಒಲಿ ಕೆಲಸ ಐತಿ’ ಅಂತ ಅಷ್ಟ ಹೇಳಿ ಕರಸಿದ್ರು. ಹೊರಗ ರೋಣಕ್ಕ ಹೋಗೂ ಟಂಟಂ ಹಾರ್ನ್ ಒತ್ತಲಿಕತ್ತಿತ್ತು, ಕಾಕಾ ಗ್ಯಾಸ್ ತರಲಿಕ್ಕೆ ಅದರಾಗ ಹೋಗವರು. ಚಪ್ಪಲಿ ಮೆಟಗೋತ ಅಂದ್ರು, ‘ಗವಿಸಿದ್ದಪ್ಪ, ಆ ಒಲಿ ಒಡ–’

‘ದುರಗ್ಯಾ!’ ಅಂದ್ರು ಆಯಿ ಒಳಗಿಂದ. ‘ಶುಕ್ರವಾರ, ಹೊಚ್ಚಲ ಮ್ಯಾಲೆ ನಿಂತು, ಹೆತ್ತಾಕಿ ಒಲಿ ಒಡಿ ಅಂತೀ? ಚಲೋ ಮಾತಿಲೆ ಹೇಳಾಕ ಬರೂದಿಲ್ಲ?’

‘ಆತವಾ, ಆತು. ಗವಿಸಿದ್ದಪ್ಪ, ಒಲಿ ತಗದ–’

‘ತಗಿಯೂದು ಹೆಣಾ!’

ಟಂಟಂ ಮತ್ತ ಪೀಂ ಅಂತು. ಕಾಕಾ ಬೆವರಿದ್ರು. ಹೊರಗ ಊರ ಮಂದಿಗೆಲ್ಲಾ ಜೋರ ಮಾಡವರು, ಅವ್ವನ ಮುಂದ ಎರಡನೇ ಕ್ಲಾಸಿನ ಹುಡುಗ. ‘ಅಯ್ಯೋ, ಒಲಿ ದೊಡ್ಡದು ಮಾಡೋ ಮಾರಾಯಾ! ನಾ ಬರೂದ್ರಾಗ ಮುಗದಿರಬೇಕು’ ಅಂದು ಓಡಿ ಹತ್ತಿಬಿಟ್ರು.

ಗವಿಸಿದ್ದಪ್ಪ ಒಳಗ ಬಂದ. ಒಲಿ ಸುತ್ತ ಒಂದ ಸುತ್ತ ಹಾಕಿದ, ಗೇಣು ಹಾಕಿ ಅಳದ. ಆಯಿನ್ನ ಕೇಳಿದ, ‘ಎಷ್ಟ ದೊಡ್ಡದು ಮಾಡ್ಲಿಬೇ ಯವ್ವಾ?’

ನಾನು, ಅನ್ನಪೂರ್ಣಾ ಉಸರ ಹಿಡದ್ವಿ. ಆಯಿ ಗೌಂಡಿ ಮಾರಿ ನೋಡಿದ್ರು. ಬಾಗಲಾ ನೋಡಿದ್ರು. ಆಮ್ಯಾಲೆ ಎರಡೂ ಕೈ ಅಗಲ ಮಾಡಿ ತೋರಿಸಿದ್ರು.

‘ಇಷ್ಟು.’

‘ಅಷ್ಟ ದೊಡ್ಡದಾದ್ರ ಹೊಗಿ ಬೆಳಕಿಂಡಿಗೆ ಏರೂದಿಲ್ಲ, ಹಿಂದ ಪೈಪ್ ಕೂಡಸಬೇಕು. ನನ್ನ ಹತ್ರ ಒಂದ ಸಿಮೆಂಟ್ ಪೈಪ್ ಉಳದೈತಿ.’

‘ನೀ ಗೌಂಡಿ ಅದಿ. ನಿನಗ ತಿಳದಂಗ ಮಾಡಪ್ಪ’ ಅಂದ್ರು ಆಯಿ. ಹಳೇ ಒಲಿ ಮಣ್ಣು ಒಂದ ಹಿಡಿನೂ ಹೊರಗ ಹೋಗಲಿಲ್ಲ, ಅದಕ್ಕ ಮಗ್ಗಲದಾಗ ಇಟ್ಟಂಗಿ ಕಟ್ಟಿ, ಬಾಯಿ ಅಗಲ ಮಾಡಿ, ಪೈಪು ಮ್ಯಾಳಗಿ ಮ್ಯಾಲೆ ಮೂರ ಫೂಟು ಎತ್ತಿ, ಸಂಜಿ ಐದಕ್ಕ ಕರಣಿ ತೊಳದ.

ಐದೂವರಿಗೆ ಕಾಕಾ ಬಂದ್ರು, ಬಗಲಾಗ ಗ್ಯಾಸ್ ಒಲಿ ಡಬ್ಬಿ, ಹಿಂದ ಸಿಲಿಂಡರ್. ಬಂದವರು ಹೊಚ್ಚಲದಾಗ ನಿಂತ್ರು. ನಿಂತೇ ಇದ್ರು.

‘ಏನಿದು?’

‘ದೊಡ್ಡದು ಮಾಡೀನ್ರಿ’ ಅಂದ ಗವಿಸಿದ್ದಪ್ಪ, ಶಾಬಾಸ್ ಅನ್ನಿಸಿಗೊಳ್ಳಾಕ ನಿಂತಾಂವನ ಹಂಗ. ‘ಪೈಪ್ ನನ್ನ ವತಿಯಿಂದ.’

‘ಅವಾ, ನೀನರ ಹೇಳಬಾರದಾಗಿತ್ತ?’

‘ಏನ ಹೇಳ್ಲೋ? ಅಂವ ಎಷ್ಟು ಅಂತ ಕೇಳಿದ, ಇಷ್ಟು ಅಂದೆ. ಒಲಿ ದೊಡ್ಡದು ಮಾಡು ಅಂದಾಂವ ಮನಿ ಯಜಮಾನ. ಯಜಮಾನನ ಮಾತಿಗೆ ಮಾತ ಕೊಡೂದು ನಾ ಯಾವತ್ತ ಕಲತೀನಿ?’

ನಲವತ್ತ ವರ್ಷದಾಗ ಆಯಿ ಮಾತಿಗೆ ಮಾತ ಕೊಡಲಾರದ್ದು ಅವತ್ತ ಒಂದ ದಿನ ಅಂತ ಅನ್ನಪೂರ್ಣಾ ನನ್ನ ಕಿವ್ಯಾಗ ಅಂದ್ಲು. ಕಾಕಾ ಗೌಂಡಿನ್ನ ಬೈಲಿಕ್ಕೆ ಬಾಯಿ ತಗದ್ರು, ಆದ್ರ ಬೈಬೇಕಂದ್ರ ‘ಒಡಿ’ ಅನ್ನಬೇಕಿತ್ತು, ಆಯಿ ಎದುರಿಗೇ ಕೂತಿದ್ರು. ಗ್ಯಾಸ್ ಒಲಿ ಡಬ್ಬಿ ಕೆಳಗಿಟ್ರು.

ಮಣ್ಣು ಒಣಗೂತನಕ ನಾಕ ದಿನ ಆಯಿ ಹಿತ್ತಲದಾಗ ಮೂರ ಕಲ್ಲ ಇಟ್ಟು ರೊಟ್ಟಿ ಬಡದ್ರು. ಐದನೇ ದಿನ ಪೆಟಗಿ ಇಟ್ಟು ನಾನೇ ಅಳದೆ, ಕಾಕಾನೂ ಕೂತಿದ್ರು. ಮೂವತ್ತೂ ರೊಟ್ಟಿ ಮುಗದ್ರೂ ಹಸರು ಅಂದ್ರ ಹಸರು! ಆಯಿಯ ಕೆಮ್ಮು ಪೂರಾ ಹೋಗಿಲ್ಲ, ಆದ್ರ ಈಗ ರಾತ್ರಿ ಮಲಗ್ತಾರಂತ. ನನ್ನ ಹಿಮದ ದೇಶದ ಹಾಳ್ಯಾಗ ಒಂದ ನಿಯಮ ಆಗಿ ಸುಮ್ನ ಕೂತಿದ್ದ ಹೊಗಿಪೈಪನ್ನ ನನ್ನ ತಪ್ಪು, ಕಾಕಾನ ಅವಸರಾ, ಗೌಂಡಿಯ ವಿಧೇಯತಾ ಮೂರೂ ಕೂಡಿ ಕೂಡಿಸಿದ್ವು.

ಇನ್ನ ಗ್ಯಾಸು. ಉರಿಯೂ ಒಲಿ ಇದ್ದ ಕೋಣ್ಯಾಗ ಸಿಲಿಂಡರ್ ಇಡಬಾರದು ಅಂತ ಸಿಲಿಂಡರ್ ಮ್ಯಾಲಿನ ಚೀಟಿ ಕಾಕಾನೇ ದೊಡ್ಡ ದನೀಲೆ ಓದಿದ್ರು, ಓದಿ ಸಿಕ್ಕೊಂಡ್ರು. ಅದು ಪಡಸಾಲಿಗೆ ಹೋತು, ಟಿ.ವಿ. ಮಗ್ಗಲಕ್ಕ. ಆಯಿ ಅದರ ಹತ್ರ ಸುಳಿಯೂದಿಲ್ಲ, ಅನ್ನಪೂರ್ಣಾನ ಅವ್ವ ಅಂಗನವಾಡಿ. ಹಿಂಗಾಗಿ ಬಂದವರಿಗೆ ಚಾ ಮಾಡೂದು ದುರಗೇಶಕಾಕಾ. ಸಕ್ರಿ ಸ್ವಲ್ಪ ಜಾಸ್ತಿ ಆಗ್ತದ, ಆದ್ರ ಚಲೋ ಮಾಡ್ತಾರ.

ಒಂದ ಮನ್ಯಾಗ ಎರಡ ಒಲಿ ಅಂದ್ರ ನಮ್ಮ ಕಡೆ ಒಂದ ಅರ್ಥ, ಮನಿ ಪಾಲಾತು. ಊರಾಗ ಸುದ್ದಿ ಹರಡೇಬಿಡ್ತು. ಮುಂದಿನ ಮನಿ ಶಿವನಪ್ಪ ಮುತ್ಯಾ ಬಂದು ಕಟ್ಟಿ ಮ್ಯಾಲೆ ಕೂತು, ಹಣಿಗೆ ವಿಭೂತಿ ಹಚಗೊಂಡು, ಭಾಳ ದುಃಖದಲೆ ಕೇಳಿದ್ರಂತ, ‘ಸಕ್ಕೂಬಾಯಕ್ಕ, ಒಬ್ಬನ ಮಗಾ, ಅಂವನೂ ಬ್ಯಾರೆ ಆದ್ನಂತಲ್ಲ, ಖರೇ ಏನಬೇ?’

ಆಯಿ ಹಿಟ್ಟಿನ ಕೈ ಒರಸಿಗೋತ ಅಂದ್ರಂತ, ‘ಖರೇನಪ್ಪಾ. ಚಾದಾಗ ಬ್ಯಾರೆ ಆಗ್ಯಾನ. ರೊಟ್ಯಾಗ ಇನ್ನೂ ಕೂಡೇ ಅದೀವಿ.’